ಕಡಲು ಕಾಯಲು ಹೋದವರು ಮರಳಲಿಲ್ಲ

ಸೀತಾಂಗೋಳಿ: ಕುಂಬಳೆ-ಬದಿಯಡ್ಕ ರಸ್ತೆಯ ಸೀತಾಂಗೋಳಿಯಲ್ಲಿ ಎಚ್‌ಎಎಲ್ ಹೆಸರು ಕೇಳದವರು ಕಮ್ಮಿ. ವಿಮಾನಗಳ ಇಲೆಕ್ಟ್ರಾನಿಕ್ ಉಪಕರಣ ತಯಾರಿಸುವ ಘಟಕ ಇಲ್ಲಿ ಉದ್ಘಾಟನೆಯಾದದ್ದು 2012ರಲ್ಲಿ. ಆದರೆ ಈ ಸಂಸ್ಥೆಗೂ ಕಡಲು ಕಾಯುವ ವಿಮಾನಗಳಿಗೂ ಇರುವ ನಂಟು ಎರಡನೇ ಮಹಾಯುದ್ಧದ ಕಾಲದ್ದು. ಅದೂ ಎಲ್ಲಿ? ಕಡಲೇ ಇಲ್ಲದ ಬೆಂಗಳೂರಿನಲ್ಲಿ!

1940ರಲ್ಲಿ ವಾಲಚಂದ್ ಹಿರಾಚಂದ್ ಮೈಸೂರು ಸರಕಾರದ ನೆರವಿನಿಂದ ಆರಂಭಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧ ಬಿರುಸಾದಾಗ ದುರಸ್ತಿ ಕೇಂದ್ರವಾಯಿತು. ರಿಪೇರಿಗೆ ಬಂದವುಗಳಲ್ಲಿ ಕ್ಯಾಟಲೀನಾ ಎಂಬ ಹಾರುವ ದೋಣಿಗಳೂ ಇದ್ದವು. ಇವು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಗೆ. ಈಚಿನ ವರ್ಷಗಳಲ್ಲಿ ನೊರೆ, ಬೆಂಕಿಯಿಂದ ಸುದ್ದಿಯಾದ ಅದೇ ಕೆರೆ!

ದೋಣಿಯಂಥ ಹೊಟ್ಟೆ, ಎರಡು ಎಂಜಿನ್, ವೇಗ ಕಮ್ಮಿ. ಆದರೆ ಒಮ್ಮೆ ಏರಿದರೆ ಹಗಲಿಡೀ ಕಡಲ ಮೇಲೆ ಸುತ್ತಬಲ್ಲದು. ಹಿಂದೂ ಮಹಾಸಾಗರದ ಕಾವಲಿಗೆ ಇಂಥದ್ದೇ ಬೇಕಿತ್ತು. ರಾಡಾರ್ ಅಪರೂಪವಾಗಿದ್ದ ಕಾಲ; ಕಣ್ಣೇ ಗತಿ.

ಈ ಕಾವಲಿನ ಬೆಲೆ ಏನೆಂಬುದು ಕೆನಡಾ ವಾಯುಪಡೆಯ 413ನೇ ಸ್ಕ್ವಾಡ್ರನ್‌ಗೆ ಗೊತ್ತಿತ್ತು. 1941ರಲ್ಲಿ ಬ್ರಿಟನ್ನಿನಲ್ಲಿ ರಚನೆಯಾದ ಈ ಪಡೆ 1942ರಲ್ಲಿ ಸಿಲೋನಿನ ಕೊಗ್ಗಲ ಸರೋವರಕ್ಕೆ ಬಂದಿಳಿಯಿತು. ಏಪ್ರಿಲ್ 4ರಂದು ಲಿಯೊನಾರ್ಡ್ ಬಿರ್ಚಲ್ ನೇತೃತ್ವದ ಕ್ಯಾಟಲೀನಾ ದಿನವಿಡೀ ಹಾರಿ ಹಿಂದಿರುಗುವ ಹೊತ್ತಿಗೆ ದಕ್ಷಿಣದಲ್ಲಿ ಚುಕ್ಕೆಗಳು ಕಂಡವು. ಹತ್ತಿರ ಹೋದರೆ ಜಪಾನಿನ ನೌಕಾದಳ! ಪರ್ಲ್ ಹಾರ್ಬರ್ ಮೇಲೆ ಎರಗಿದ ನಗುಮೊ ಅವರದ್ದೇ ಪಡೆ, ಐದು ವಿಮಾನವಾಹಕ ಹಡಗುಗಳ ಸಮೇತ.

ರೇಡಿಯೋದಲ್ಲಿ ಸುದ್ದಿ ಮುಟ್ಟಿಸುವುದೇ ಮುಖ್ಯವಾಯಿತು. ಸಂದೇಶ ಹೋಗುತ್ತಿದ್ದಂತೆಯೇ ಗುಂಡಿನ ಮಳೆ. ವಿಮಾನ ಕಡಲಿಗೆ ಬಿತ್ತು. ಒಂಬತ್ತು ಮಂದಿಯಲ್ಲಿ ಮೂವರು ಸತ್ತರು, ಆರು ಮಂದಿ ಸೆರೆಯಾದರು. ಮರುದಿನ ಈಸ್ಟರ್ ಭಾನುವಾರ ಕೊಲಂಬೊ ಮೇಲೆ ಬಾಂಬು ಬಿದ್ದಾಗ ಬಂದರಿಗೆ ಮುನ್ಸೂಚನೆ ಸಿಕ್ಕಿತ್ತು. ಹಾಗೆಂದು ಎಲ್ಲವೂ ಉಳಿಯಲಿಲ್ಲ. ಅದೇ ದಿನ ಕಡಲಲ್ಲಿದ್ದ ಬ್ರಿಟನ್ನಿನ ‘ಡಾರ್ಸೆಟ್‌ಷೈರ್’, ‘ಕಾರ್ನ್‌ವಾಲ್’ ಯುದ್ಧನೌಕೆಗಳು ಮುಳುಗಿ 424 ಮಂದಿ ಸತ್ತರು.

ಬಿರ್ಚಲ್‌ಗೆ ‘ಸಿಲೋನಿನ ರಕ್ಷಕ’ ಎಂಬ ಬಿರುದು ಬಂತು. ಜಪಾನಿನ ಸೆರೆಯಿಂದ 1945ರಲ್ಲಿ ಬಿಡುಗಡೆಯಾದ ಅವರು ತೀರಿಕೊಂಡದ್ದು 2004ರಲ್ಲಿ. ಆದರೆ ರೇ ಥಾಮಸ್ ಹೆಸರು ಎಷ್ಟು ಮಂದಿಗೆ ಗೊತ್ತು? ಏಪ್ರಿಲ್ 9ರಂದು ಅದೇ ಸ್ಕ್ವಾಡ್ರನ್ನಿನ ಮತ್ತೊಂದು ಕ್ಯಾಟಲೀನಾ ಅವರ ನೇತೃತ್ವದಲ್ಲಿ ಹೊರಟು, ತ್ರಿಂಕೋಮಲಿಯತ್ತ ಬರುತ್ತಿದ್ದ ಅದೇ ನೌಕಾದಳವನ್ನು ಕಂಡಿತು. ಆ ವಿಮಾನದಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ.