ಹಳೆಯ ಎಸ್ಟೇಟ್ ಕಾರಿಗೆ ಉತ್ತರಾಧಿಕಾರಿ ಯಾರು?

ಹಳೆಯ ಕಾರನ್ನು ಮಾರಿ ಹೊಸದೊಂದನ್ನು ಕೊಳ್ಳುವುದು ಈಗಿನ ಕಾಲದಲ್ಲಿ ಅಂಥ ದೊಡ್ಡ ಸಂಗತಿಯೇನೂ ಅಲ್ಲ. ಹೊಸ ಕಾರಿನ ಕೀಲಿಕೈಗೆ ಕುಂಕುಮ ಹಚ್ಚಿ, ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟರೆ ಕೆಲಸ ಮುಗಿಯಿತು. ಆದರೆ ಮಾರಬೇಕಾದುದು ಎಸ್ಟೇಟ್ ಕಾರಾಗಿದ್ದರೆ ಮಾತು ಅಷ್ಟು ಸುಲಭವಲ್ಲ. ಏಕೆಂದರೆ ಅದೇ ಜಾತಿಯ ಇನ್ನೊಂದು ಕಾರು, ಮಧ್ಯಮ ವರ್ಗದ ಕೈಗೆಟಕುವ ಬೆಲೆಯಲ್ಲಿ, ನಮ್ಮ ಪೇಟೆಯಲ್ಲಿ ಇಂದು ದೊರೆಯುವುದಿಲ್ಲ. ಮಗನಿಲ್ಲದ ಮನೆತನಕ್ಕೆ ದತ್ತು ತರುವಂತೆ ಬೇರೊಂದು ವಂಶದಿಂದ ಉತ್ತರಾಧಿಕಾರಿಯನ್ನು ಹುಡುಕಬೇಕಾಗುತ್ತದೆ.

ಎಸ್ಟೇಟ್ ಕಾರು ಎಂದೊಡನೆ ನಮ್ಮ ಕೊಡಗು, ಚಿಕ್ಕಮಗಳೂರುಗಳ ಓದುಗರಿಗೆ ಕಾಫಿ ತೋಟದ ಜೀಪು ನೆನಪಾದೀತು. ಹೆಸರಿನ ಹುಟ್ಟು ಅದಕ್ಕೆ ತೀರ ದೂರವೂ ಅಲ್ಲ. ಇಂಗ್ಲೆಂಡಿನ ಜಮೀನುದಾರರು ತಮ್ಮ ವಿಸ್ತಾರವಾದ ಎಸ್ಟೇಟುಗಳಲ್ಲಿ ಜನರನ್ನೂ ಸಾಮಾನನ್ನೂ ಒಟ್ಟಿಗೆ ಸಾಗಿಸಲು ಬಳಸುತ್ತಿದ್ದ ಬಂಡಿಗೆ ಈ ಹೆಸರು ಬಂದಿತು. ಅಮೆರಿಕದಲ್ಲಿ ಇದೇ ಬಗೆಯ ಬಂಡಿ ರೈಲ್ವೆ ಸ್ಟೇಷನ್ನಿನಿಂದ ಪ್ರಯಾಣಿಕರನ್ನೂ ಅವರ ಪೆಟ್ಟಿಗೆಗಳನ್ನೂ ಹೊತ್ತು ತರುತ್ತಿದ್ದುದರಿಂದ ‘ಸ್ಟೇಷನ್ ವ್ಯಾಗನ್’ ಎನಿಸಿಕೊಂಡಿತು. ಫೋರ್ಡ್ ಕಂಪನಿಯು 1929ರಲ್ಲಿ ಮರದ ಮೈಕಟ್ಟಿನ ಸ್ಟೇಷನ್ ವ್ಯಾಗನ್ನುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಹೆಸರು ಯಾವುದಾದರೂ ಇರಲಿ, ಗುಣ ಒಂದೇ: ಮುಂದಿನಿಂದ ನೋಡಿದರೆ ಸಾಧಾರಣ ಕಾರು, ಹಿಂಭಾಗದಲ್ಲಿ ಮಾತ್ರ ಛಾವಣಿ ಇಳಿಯದೆ ಕೊನೆಯವರೆಗೂ ನೇರವಾಗಿ ಸಾಗಿ, ಸಾಮಾನಿಗೆ ಉದ್ದವಾದ, ತಗ್ಗಾದ, ಅಡ್ಡಿಯಿಲ್ಲದ ಸ್ಥಳವನ್ನು ಬಿಟ್ಟುಕೊಡುತ್ತದೆ.

ಬಂದು ಹೋದ ವಂಶ

ನಮ್ಮ ದೇಶದಲ್ಲಿ ಈ ವಂಶ ಬೇರೂರಲೇ ಇಲ್ಲ. ಅಂಬಾಸಡರ್ ಕಾರಿಗೂ ಒಂದು ಎಸ್ಟೇಟ್ ರೂಪವಿದ್ದಿತು. 1992ರಲ್ಲಿ ಟಾಟಾ ಕಂಪನಿಯು ‘ಎಸ್ಟೇಟ್’ ಎಂಬ ಹೆಸರಿನಲ್ಲಿಯೇ ಒಂದು ಕಾರನ್ನು ತಂದಿತು. ಆ ಶತಮಾನ ಮುಗಿಯುವ ಹೊತ್ತಿಗೆ ಮಾರುತಿಯ ಬಲೆನೊ ಆಲ್ಟುರಾ ಬಂದಿತು. 2004ರಲ್ಲಿ ಟಾಟಾ ಇಂಡಿಗೊ ಮರೀನಾ ಬಂದಿತು. ಇವುಗಳಲ್ಲಿ ಯಾವುದೂ ಬಹುಕಾಲ ನಿಲ್ಲಲಿಲ್ಲ. ಕಾರೆಂದರೆ ಹಿಂದುಗಡೆ ಪ್ರತ್ಯೇಕವಾದ ಡಿಕ್ಕಿ ಇರಬೇಕು, ಅದೇ ಅಂತಸ್ತಿನ ಗುರುತು ಎಂದು ನಂಬಿದ್ದ ಜನ, ಉದ್ದವಾದ ಈ ಹಿಂಭಾಗವನ್ನು ಕಂಡು ಆಂಬುಲೆನ್ಸನ್ನು ನೆನೆದರು. ಜನರು ಹಾಗೆ ನಕ್ಕ ಬಂಡಿಯನ್ನು ಯಾವ ಕಂಪನಿ ತಾನೇ ಎಷ್ಟು ಕಾಲ ಮಾಡೀತು?

ಇದರ ಜೊತೆಗೆ ತೆರಿಗೆಯ ಅಳತೆಗೋಲೂ ಸೇರಿಕೊಂಡಿತು. 2006ರ ಕೇಂದ್ರ ಮುಂಗಡಪತ್ರದಲ್ಲಿ ನಾಲ್ಕು ಮೀಟರ್ ಉದ್ದವನ್ನು ಮೀರದ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇಕಡ 24ರಿಂದ 16ಕ್ಕೆ ಇಳಿಸಲಾಯಿತು. ಪೆಟ್ರೋಲ್ ಎಂಜಿನ್ 1,200 ಸಿ.ಸಿ.ಯನ್ನೂ ಡೀಸೆಲ್ ಎಂಜಿನ್ 1,500 ಸಿ.ಸಿ.ಯನ್ನೂ ಮೀರಬಾರದೆಂಬುದು ನಿಯಮ. ಕಂಪನಿಗಳು ಕಾರಿನ ಬಾಲವನ್ನು ಕತ್ತರಿಸತೊಡಗಿದುದು ಅಂದಿನಿಂದ. ಉದ್ದವೇ ಜೀವಾಳವಾದ ಎಸ್ಟೇಟ್ ಕಾರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಬೇಕಾಗಿರಲಿಲ್ಲ. ಈ ನಾಲ್ಕು ಮೀಟರಿನ ಗೆರೆ ಇಂದಿಗೂ ಅಳಿಸಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರಗಳಲ್ಲಿಯೂ ಗೆರೆಯ ಒಳಗಿನ ಸಣ್ಣ ಕಾರಿಗೆ ಶೇಕಡ 18, ಹೊರಗಿನ ಪೆಟ್ರೋಲ್, ಡೀಸೆಲ್ ಕಾರಿಗೆ ಶೇಕಡ 40.

ಮೈಸೂರಿನ ಒಂದು ಮನೆ

ಇದೆಲ್ಲ ನನಗೆ ಪುಸ್ತಕದ ವಿಷಯವಾಗಿ ಉಳಿಯದಂತೆ ಮಾಡಿದವರು ಮೈಸೂರಿನ ನನ್ನ ಪರಿಚಯಸ್ಥರೊಬ್ಬರು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. 2005ರಲ್ಲಿ ಕೊಂಡ ಮರೀನಾ ಕಾರು ಅವರ ಮನೆಯಲ್ಲಿತ್ತು. ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅವರು 2020ರಲ್ಲಿ ಒಮ್ಮೆ ನವೀಕರಿಸಿದ್ದರು. 2025ರಲ್ಲಿ ಆ ಅವಧಿಯೂ ತೀರಿತು. ಇಪ್ಪತ್ತು ವರ್ಷ ಮೀರಿದ ಕಾರುಗಳ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರವು ಅದೇ ವರ್ಷದ ಆಗಸ್ಟಿನಲ್ಲಿ 10,000 ರೂಪಾಯಿಗಳಿಗೆ ಏರಿಸಿತು. ಶುಲ್ಕವನ್ನಾದರೂ ಕೊಡಬಹುದು, ಬಿಡಿಭಾಗಗಳನ್ನು ಎಲ್ಲಿಂದ ತರುವುದು? ಮೆಕ್ಯಾನಿಕ್ಕೇ ಕೈಮುಗಿದ ಮೇಲೆ ಮನೆಯವರು ಹೊಸ ಕಾರಿನ ಯೋಚನೆಗೆ ಇಳಿದರು.

ಮನೆಯಲ್ಲಿ ಆರು ಮಂದಿ. ದಂಪತಿಗಳು, ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗ, ಎಂಬತ್ತೆರಡು ವರ್ಷದ ತಾಯಿ. ತಾಯಿಗೆ ಮಂಡಿನೋವು, ನಾಲ್ಕು ಹೆಜ್ಜೆಗಿಂತ ಹೆಚ್ಚು ನಡೆಯಬೇಕಾದರೆ ಗಾಲಿಕುರ್ಚಿ ಬೇಕು. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಬೇಕು. ವರ್ಷಕ್ಕೆ ಏಳೆಂಟು ಬಾರಿ ಊರಿನ ಜಮೀನಿಗೆ ಹೋಗಿ ಅಕ್ಕಿ, ತೆಂಗಿನಕಾಯಿ, ಹಲಸಿನಹಣ್ಣು ತರಬೇಕು.

ಆಯ್ಕೆಯ ಮಾತು ಬಂದಾಗ ಒಬ್ಬೊಬ್ಬರದು ಒಂದೊಂದು ಹಟ. ಮಗನಿಗೆ ಎತ್ತರವಾದ ಎಸ್.ಯು.ವಿ. ಬೇಕು. ಮೊಮ್ಮಗನಿಗೆ ಆಕಾಶ ಕಾಣುವ ಛಾವಣಿ ಬೇಕು. ಯಜಮಾನರಿಗೆ ಕಡಮೆ ಖರ್ಚಿನ ಸಿ.ಎನ್.ಜಿ. ಬೇಕು. ಯಾರೂ ಕೇಳದಿದ್ದರೂ ಅಜ್ಜಿ ಒಂದು ದಿನ ಹೇಳಿದರು: “ನಿಮಗೆ ಯಾವುದು ಅನುಕೂಲವೋ ಅದನ್ನು ತನ್ನಿ. ನಾನು ಇನ್ನು ಎಲ್ಲಿಗೆ ಬರುತ್ತೇನೆ? ಮನೆಯಲ್ಲಿಯೇ ಇರುತ್ತೇನೆ.”

ಅವರ ಮನೆಯ ಪ್ರಶ್ನೆ ಏನೆಂಬುದು ಈ ಮಾತಿನಿಂದ ಸ್ಪಷ್ಟವಾಯಿತು. ಹಳೆಯ ಎಸ್ಟೇಟ್ ಕಾರಿನ ಸೀಟು ಅವರು ಸಲೀಸಾಗಿ ಹತ್ತಿ ಕೂರುವಷ್ಟು ತಗ್ಗಾಗಿದ್ದಿತು; ಗಾಲಿಕುರ್ಚಿ ಮಡಿಸದೆಯೇ ಹಿಂದೆ ಸರಿಯುತ್ತಿತ್ತು. ಹೊಸ ಕಾರಿನಲ್ಲಿ ಇವೆರಡೂ ಸಾಧ್ಯವಾಗದಿದ್ದರೆ, ಬಾಯಿಬಿಟ್ಟು ಯಾರೂ ಹೇಳದೆಯೇ ಅಜ್ಜಿಯ ಪ್ರಯಾಣಗಳು ಅಲ್ಲಿಗೆ ಮುಗಿದಂತೆ. ಆದುದರಿಂದ ಹಳೆಯ ಕಾರು ಮಾಡುತ್ತಿದ್ದ ಕೆಲಸಗಳ ಪಟ್ಟಿಯನ್ನು ಮೊದಲು ಬರೆದು, ಆಮೇಲೆ ಷೋರೂಮಿಗೆ ಹೋಗಬೇಕೆಂದು ನಿಶ್ಚಯವಾಯಿತು.

ಏಳು ಸೀಟಿನ ಲೆಕ್ಕ

ಎಸ್ಟೇಟ್ ಕಾರಿನ ಸ್ಥಾನವನ್ನು ನಮ್ಮಲ್ಲಿ ತುಂಬಿರುವುದು ಮೂರು ಸಾಲಿನ ಕುಟುಂಬ ವಾಹನಗಳು. 2000ದಲ್ಲಿ ನಮ್ಮ ಬಿಡದಿಯ ಕಾರ್ಖಾನೆಯಿಂದ ಹೊರಬಂದ ಟೊಯೋಟ ಕ್ವಾಲಿಸ್, 2005ರ ಇನ್ನೋವಾ, 2012ರ ಮಾರುತಿ ಎರ್ಟಿಗಾ, 2022ರ ಕಿಯಾ ಕ್ಯಾರೆನ್ಸ್ ಮೊದಲಾದುವು ಈ ಗುಂಪಿನವು. ಏಳು ಸೀಟೆಂದರೆ ಏಳು ಜನ ಮತ್ತು ಅವರ ಸಾಮಾನು ಎಂದು ಕೊಳ್ಳುವವನು ತಿಳಿಯುತ್ತಾನೆ. ವಾಸ್ತವ ಹಾಗಿಲ್ಲ. ಎರ್ಟಿಗಾದಲ್ಲಿ ಮೂರೂ ಸಾಲುಗಳು ನೆಟ್ಟಗಿದ್ದಾಗ ಡಿಕ್ಕಿಗೆ ಉಳಿಯುವುದು 209 ಲೀಟರ್. ಮೂರನೆಯ ಸಾಲನ್ನು ಮಡಿಸಿದರೆ ಅದು 550 ಲೀಟರ್ ಆಗುತ್ತದೆ. ಕ್ಯಾರೆನ್ಸಿನಲ್ಲಿ ಮೂರು ಸಾಲುಗಳ ಹಿಂದೆ 216 ಲೀಟರ್. ಏಳು ಜನ ಕೂತರೆ ಸಾಮಾನಿಗೆ ಜಾಗವಿಲ್ಲ. ಸಾಮಾನು ತುಂಬಿದರೆ ಜನ ಐವರೇ.

ಲೀಟರಿನ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬತಕ್ಕದ್ದಲ್ಲ. ಯುರೋಪಿನಲ್ಲಿ ರೂಢಿಯಲ್ಲಿರುವ ಒಂದು ಕ್ರಮದಲ್ಲಿ 20 ಸೆಂಟಿಮೀಟರ್ ಉದ್ದ, 10 ಅಗಲ, 5 ದಪ್ಪದ, ಅಂದರೆ ಸರಿಯಾಗಿ ಒಂದು ಲೀಟರ್ ಗಾತ್ರದ ತುಂಡುಗಳನ್ನು ಡಿಕ್ಕಿಯಲ್ಲಿ ಜೋಡಿಸಿ ಎಣಿಸುತ್ತಾರೆ. ಅಷ್ಟು ಸಣ್ಣ ತುಂಡು ಯಾವ ಮೂಲೆಗಾದರೂ ಹೊಂದೀತು. ಆದರೆ ಮಡಿಸಿದ ಗಾಲಿಕುರ್ಚಿ ಸುಮಾರು ಮೂರಡಿ ಎತ್ತರ, ಒಂದಡಿ ದಪ್ಪ. ಅದನ್ನು ಮೂಲೆ ಮೂಲೆಗೆ ಹಂಚಲು ಬರುವುದಿಲ್ಲ. ಆದುದರಿಂದ ಕೊಳ್ಳುವವರು ಲೀಟರನ್ನು ಓದುವುದಕ್ಕಿಂತ ತಮ್ಮ ಸಾಮಾನನ್ನೇ ಷೋರೂಮಿಗೆ ಒಯ್ಯುವುದು ಮೇಲು.

ನನ್ನ ಪರಿಚಯಸ್ಥರು ಹಾಗೆಯೇ ಮಾಡಿದರು. ಗಾಲಿಕುರ್ಚಿಯೊಡನೆ ಅಜ್ಜಿಯನ್ನೂ ಕರೆದೊಯ್ದರು. ಮಾರಾಟದ ಹುಡುಗನಿಗೆ ಮೊದಲು ಆಶ್ಚರ್ಯವಾದರೂ ಆಮೇಲೆ ತಾನೇ ಕೈಗೂಡಿಸಿದನು. ಅಲ್ಲಿ ಒಂದು ಉಪಯುಕ್ತ ಸಂಗತಿ ಗೊತ್ತಾಯಿತು. ಆರು ಮಂದಿಯ ಕುಟುಂಬಕ್ಕೆ ಆರು ಸೀಟಿನ ಕಾರೇ ಸರಿಯೆಂದು ಮೇಲುನೋಟಕ್ಕೆ ತೋರುತ್ತದೆ. ಅದರ ನಡುಸಾಲಿನಲ್ಲಿ ಎರಡು ಬಿಡಿ ಕುರ್ಚಿಗಳು. ಕೂರಲು ಬಲು ಸೊಗಸು. ಆದರೆ ಆರೂ ಜನ ಹೊರಟರೆ ಮೂರನೆಯ ಸಾಲು ಪೂರ್ತಿ ಭರ್ತಿಯಾಗಿ ಡಿಕ್ಕಿ ಇಲ್ಲವಾಗುತ್ತದೆ. ಏಳು ಸೀಟಿನ ಕಾರಿನಲ್ಲಾದರೋ ಮುಂದೆ ಇಬ್ಬರು, ನಡುವಿನ ಉದ್ದ ಸೀಟಿನಲ್ಲಿ ಮೂವರು, ಹಿಂದೆ ಒಬ್ಬರು. ಮೂರನೆಯ ಸಾಲು ಅರ್ಧರ್ಧವಾಗಿ ಮಡಿಯುವಂಥದಾದರೆ ಉಳಿದ ಅರ್ಧವನ್ನು ಮಡಿಸಿ ಗಾಲಿಕುರ್ಚಿಯನ್ನು ನಿಲ್ಲಿಸಬಹುದು. ನಡುಸಾಲಿನಲ್ಲಿ ಸ್ವಲ್ಪ ಇರುಕಾಗುತ್ತದೆ. ಆದರೆ ಯಾರೂ ಮನೆಯಲ್ಲಿ ಉಳಿಯಬೇಕಾಗುವುದಿಲ್ಲ.

ಮೆಟ್ಟಿಲೂ ತೂಕವೂ

ಇನ್ನು ಎತ್ತರದ ಮಾತು. ಕಾರು ತೀರ ತಗ್ಗಾದರೆ ಮುದುಕರು ಬಾವಿಗೆ ಇಳಿದಂತೆ ಇಳಿಯಬೇಕು. ತೀರ ಎತ್ತರವಾದರೆ ಮರ ಹತ್ತಿದಂತೆ ಹತ್ತಬೇಕು. ಮನೆಯಲ್ಲಿ ಅವರು ನಿರಾಯಾಸವಾಗಿ ಕೂತು ಏಳುವ ಕುರ್ಚಿಯ ಎತ್ತರವನ್ನು ಒಂದು ಟೇಪಿನಿಂದ ಅಳೆದುಕೊಂಡು ಹೋಗಿ, ಕಾರಿನ ಮುಂದಿನ ಸೀಟನ್ನು ನೆಲದಿಂದ ಅದೇ ರೀತಿ ಅಳೆಯುವುದು ಒಳ್ಳೆಯ ಉಪಾಯ. ಎರಡೂ ಹತ್ತಿರ ಹತ್ತಿರವಿದ್ದರೆ ಮಂಡಿಗೆ ಶ್ರಮ ಕಡಮೆ. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಹಿಡಿದುಕೊಳ್ಳಲು ಮೇಲೆ ಹಿಡಿಯಿದೆಯೆ ಎಂಬುದನ್ನೂ ನೋಡಬೇಕು. ಮಗ ಮೆಚ್ಚಿದ್ದ ಎತ್ತರದ ಬಂಡಿಯ ಮುಂದೆ ಅಜ್ಜಿ ಒಂದು ಕ್ಷಣ ನಿಂತು, ನಕ್ಕು ಹಿಂದಿರುಗಿದರು. ಮಗ ಮತ್ತೆ ಆ ಹೆಸರನ್ನು ಎತ್ತಲಿಲ್ಲ.

ಡಿಕ್ಕಿಯ ಅಂಚಿನ ಎತ್ತರವೂ ಅಷ್ಟೇ ಮುಖ್ಯವಾದುದು. ಎಸ್ಟೇಟ್ ಕಾರಿನಲ್ಲಿ ಅಕ್ಕಿ ಮೂಟೆಯನ್ನು ಮೊಣಕಾಲಿನ ಮಟ್ಟಕ್ಕೆ ಎತ್ತಿ ಒಳಗೆ ತಳ್ಳಿದರೆ ಸಾಕಾಗಿತ್ತು. ಎತ್ತರದ ಬಂಡಿಗಳಲ್ಲಿ ಸೊಂಟದವರೆಗೆ ಎತ್ತಬೇಕು. ಎತ್ತುವವರ ವಯಸ್ಸು ಅರವತ್ತು ದಾಟಿದ್ದರೆ ಈ ಒಂದಡಿಯ ವ್ಯತ್ಯಾಸವನ್ನು ಬೆನ್ನು ಮರೆಯುವುದಿಲ್ಲ. ಸಿ.ಎನ್.ಜಿ.ಯ ಆಸೆಯೂ ಇಲ್ಲಿಯೇ ಕರಗಿತು. ಕಾರಿನ ಡಿಕ್ಕಿಯಲ್ಲಿ ಸಿಲಿಂಡರ್ ಕೂತ ಮೇಲೆ ಗಾಲಿಕುರ್ಚಿಗೆ ಎಡೆಯೆಲ್ಲಿ? ಇಂಧನದಲ್ಲಿ ಉಳಿಸಿದ ಹಣವನ್ನು ಜಾಗದಲ್ಲಿ ತೆತ್ತಂತಾಗುತ್ತದೆ.

ಮೂರು ಸಾಲಿನ ಬಂಡಿಯಾಗಲಿ ಎಸ್ಟೇಟ್ ಆಗಲಿ, ಜನರೂ ಸಾಮಾನೂ ಒಂದೇ ಕೋಣೆಯಲ್ಲಿರುವುದರಿಂದ ಒಂದು ಅಪಾಯವನ್ನು ಮರೆಯಲಾಗದು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಎದುರಿಗೆ ಡಿಕ್ಕಿ ಹೊಡೆದು ಅರ್ಧ ಮೀಟರಿನೊಳಗೆ ನಿಂತಿತೆನ್ನಿ. ಒಳಗಿನ ವಸ್ತುಗಳು ತಮ್ಮ ತೂಕದ ಸುಮಾರು ಇಪ್ಪತ್ತರಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತವೆ. 25 ಕಿಲೋ ಅಕ್ಕಿ ಮೂಟೆ 500 ಕಿಲೋ ಭಾರದಂತೆ ಮುಂದಿನವರ ಬೆನ್ನಿಗೆ ಬೀಳುತ್ತದೆ. ಆದುದರಿಂದ ಭಾರವಾದುದನ್ನು ನೆಲದ ಮೇಲೆ, ಸೀಟಿನ ಬೆನ್ನಿಗೆ ಒತ್ತಿ ಇಡಬೇಕು. ಹಗ್ಗವನ್ನೋ ಪಟ್ಟಿಯನ್ನೋ ಬಿಗಿಯಲು ಕೊಂಡಿಗಳಿವೆಯೆ ಎಂದು ಕೊಳ್ಳುವಾಗಲೇ ನೋಡಬೇಕು. ತುಂಬಿದ ಬಂಡಿಗೆ ಚಕ್ರಗಳ ಗಾಳಿ ಎಷ್ಟಿರಬೇಕೆಂಬುದನ್ನು ಬಾಗಿಲ ಬಳಿಯ ಚೀಟಿಯಲ್ಲಿಯೋ ಕೈಪಿಡಿಯಲ್ಲಿಯೋ ಓದಿಕೊಳ್ಳಬೇಕು. ಹಿಂದಿನ ಸಾಲಿನ ಮಗುವಿಗೂ ಬೆಲ್ಟು ಕಡ್ಡಾಯ. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟನ್ನೋ ತಕ್ಕ ರಕ್ಷಣಾ ಸೀಟನ್ನೋ ಹಾಕದಿದ್ದರೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಂತೆ ದಂಡವಿದೆ. 2023ರ ಅಕ್ಟೋಬರ್ 1ರಿಂದ ನಮ್ಮಲ್ಲಿಯೇ ‘ಭಾರತ್ ಎನ್‌ಕ್ಯಾಪ್’ ಎಂಬ ಅಪಘಾತ ಪರೀಕ್ಷೆ ನಡೆಯುತ್ತಿದೆ. ದೊಡ್ಡವರ ರಕ್ಷಣೆಗೂ ಮಕ್ಕಳ ರಕ್ಷಣೆಗೂ ಅದರಲ್ಲಿ ಬೇರೆ ಬೇರೆ ನಕ್ಷತ್ರಗಳನ್ನು ಕೊಡುತ್ತಾರೆ, ಎರಡನ್ನೂ ನೋಡತಕ್ಕದ್ದು.

ಕೊಳ್ಳಲೇಬೇಕೆ?

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ವರ್ಷಕ್ಕೆ ನಾಲ್ಕು ದಿನದ ಪ್ರಯಾಣಕ್ಕಾಗಿ 365 ದಿನ ದೊಡ್ಡ ಬಂಡಿಯನ್ನು ಸಾಕಬೇಕೆ? ದೊಡ್ಡ ಕಾರಿನ ಜಿ.ಎಸ್.ಟಿ. ಹೆಚ್ಚು, ಬೆಲೆ ಹೆಚ್ಚಾದಂತೆ ರಾಜ್ಯದ ಜೀವಿತಾವಧಿ ತೆರಿಗೆ, ವಿಮೆ ಎರಡೂ ಏರುತ್ತವೆ, ಗೇಟಿನೊಳಗೆ ನಿಲ್ಲಿಸುವುದೂ ಕಷ್ಟ. ಎರ್ಟಿಗಾದ ಉದ್ದ 4,435 ಮಿಲಿಮೀಟರ್. ಇನ್ನೋವಾ ಹೈಕ್ರಾಸಿನದು 4,755. ಹಳೆಯ ಮನೆಗಳ ಗೇಟಿಗೂ ಜಗಲಿಗೂ ನಡುವೆ ಅಷ್ಟು ಸ್ಥಳವಿದೆಯೆ ಎಂದು ಅಳೆಯದೆ ಮುಂಗಡ ಕೊಡಬಾರದು. ಮೂವರೋ ನಾಲ್ವರೋ ಇರುವ ಮನೆಗೆ ಸಣ್ಣ ಕಾರೇ ಸಾಕು. ಮದುವೆಗೋ ಯಾತ್ರೆಗೋ ದೊಡ್ಡ ಬಂಡಿಯನ್ನು ಬಾಡಿಗೆಗೆ ತರುವುದು ಜಾಣತನ. ಅದರಲ್ಲಿ ಹೆಚ್ಚುಗಾರಿಕೆಗೆ ಕುಂದೇನೂ ಇಲ್ಲ.

ಆದರೆ ಅಗತ್ಯ ವಾರ ವಾರವೂ ಬರುವುದಾದರೆ ಲೆಕ್ಕ ಬದಲಾಗುತ್ತದೆ. ಮೈಸೂರಿನ ಆ ಮನೆಯಲ್ಲಿ ಗಾಲಿಕುರ್ಚಿ ವಾರಕ್ಕೊಮ್ಮೆ ಹೊರಡಲೇಬೇಕಾಗಿದ್ದಿತು. ಅವರು ಏಳು ಸೀಟಿನ ಒಂದು ಸಾಧಾರಣ ಬಂಡಿಯನ್ನು ಕೊಂಡರು. ಛಾವಣಿಯಿಂದ ಆಕಾಶ ಕಾಣುವುದಿಲ್ಲ. ಮೊಮ್ಮಗನಿಗೆ ಹಿಂದಿನ ಸಾಲು ಒಂದು ಪ್ರತ್ಯೇಕ ರಾಜ್ಯ. ಮುಂದಿನ ಎಡಗಡೆಯ ಸೀಟು ಅಜ್ಜಿಯದು. ಸಂಕ್ರಾಂತಿಗೆ ಆರೂ ಜನ ಊರಿಗೆ ಹೋಗಿಬಂದರೆಂದು ಕೇಳಿದೆ. ಬರುವಾಗ ಅಕ್ಕಿಯ ಜೊತೆಗೆ ಕಬ್ಬೂ ಇದ್ದಿತಂತೆ. ಕಬ್ಬಿನ ಜಲ್ಲೆ ಉದ್ದವಾಗಿ ಹಿಡಿಯದೆ ಎರಡು ತುಂಡು ಮಾಡಬೇಕಾಯಿತಂತೆ. ಹಳೆಯ ಕಾರಾಗಿದ್ದರೆ ಇಡಿಯಾಗಿಯೇ ಬರುತ್ತಿತ್ತು ಎಂದು ಯಜಮಾನರು ಇನ್ನೂ ಹೇಳುತ್ತಾರೆ.

ಅಷ್ಟು ನಷ್ಟವನ್ನು ಸಹಿಸಬಹುದು. ಕಾರು ಕೊಳ್ಳಲು ಹೊರಡುವ ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ: ಪತ್ರಿಕೆಯ ಜಾಹೀರಾತನ್ನು ಬದಿಗಿಟ್ಟು, ನಿಮ್ಮ ಮನೆಯಲ್ಲಿ ನಡೆಯಲು ಎಲ್ಲರಿಗಿಂತ ಹೆಚ್ಚು ಕಷ್ಟಪಡುವವರು ಯಾರು, ಎತ್ತಲು ಎಲ್ಲಕ್ಕಿಂತ ಭಾರವಾದ ಸಾಮಾನು ಯಾವುದು ಎಂದು ಮೊದಲು ಯೋಚಿಸಿರಿ. ಆ ಇಬ್ಬರನ್ನೂ ಜೊತೆಯಲ್ಲಿ ಕರೆದುಕೊಂಡು ಷೋರೂಮಿಗೆ ಹೋಗಿರಿ. ಅವರಿಗೆ ಹೊಂದಿದ ಬಂಡಿ ಉಳಿದವರೆಲ್ಲರಿಗೂ ಹೊಂದಿಯೇ ಹೊಂದುತ್ತದೆ.