ತಾನೇ ಲೇಖಕ, ತಾನೇ ಸಂಪಾದಕ

ಸ್ಕಾಟ್ಲೆಂಡಿನ ಪಶ್ಚಿಮ ಭಾಗದಲ್ಲಿ ಲಾಕ್‌ಗಿಲ್‌ಹೆಡ್ ಎಂಬ ಸಣ್ಣ ಊರೊಂದಿದೆ. 2012ರ ಏಪ್ರಿಲ್ 30ರಂದು ಆ ಊರಿನ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದ ಮಾರ್ಥಾ ಪೇನ್ ಎಂಬ ಒಂಬತ್ತು ವರ್ಷದ ಬಾಲಕಿ ತಂದೆಯ ನೆರವಿನಿಂದ ಅಂತರಜಾಲದಲ್ಲಿ ‘ನೆವರ್‌ಸೆಕೆಂಡ್ಸ್’ ಎಂಬ ಬ್ಲಾಗನ್ನು ತೆರೆದಳು. ಅವಳು ಆರಿಸಿಕೊಂಡ ವಿಷಯ ರಾಜಕೀಯವಲ್ಲ, ಕಾವ್ಯವೂ ಅಲ್ಲ. ಶಾಲೆಯಲ್ಲಿ ತನ್ನ ತಟ್ಟೆಗೆ ಬೀಳುತ್ತಿದ್ದ ಮಧ್ಯಾಹ್ನದ ಊಟ. ದಿನವೂ ತಟ್ಟೆಯ ಚಿತ್ರ ತೆಗೆಯುವುದು. ರುಚಿಗಿಷ್ಟು, ಆರೋಗ್ಯಕ್ಕಿಷ್ಟು ಎಂದು ಹತ್ತರಲ್ಲಿ ಅಂಕ ಕೊಡುವುದು. ಎಷ್ಟು ತುತ್ತಿಗೆ ಮುಗಿಯಿತು, ಬೆಲೆಯೆಷ್ಟು, ಕೂದಲೇನಾದರೂ ಸಿಕ್ಕಿತೇ ಎಂಬುದನ್ನೂ ಬಿಡದೆ ದಾಖಲಿಸುವುದು. ಮೊದಲ ದಿನ ತಟ್ಟೆಯಲ್ಲಿದ್ದುದು ಒಂದು ತುಂಡು ಪಿಜ್ಜಾ, ಒಂದಿಷ್ಟು ಮೆಕ್ಕೆಜೋಳ, ಆಲೂಗಡ್ಡೆಯ ಒಂದೇ ಒಂದು ಕ್ರೋಕೆಟ್. ಬೆಳೆಯುವ ಮಗು ಇಷ್ಟನ್ನೇ ತಿಂದು ಮಧ್ಯಾಹ್ನವೆಲ್ಲ ಪಾಠಕ್ಕೆ ಮನಸ್ಸು ಕೊಡುವುದು ಹೇಗೆ ಎಂಬುದು ಅವಳ ಪ್ರಶ್ನೆ.

ಹೊಸ ಬರಹ ಮೇಲೆ, ಹಳೆಯದು ಕೆಳಗೆ ಎಂಬ ಕ್ರಮದಲ್ಲಿ ಅಂತರಜಾಲದ ಮೇಲೆ ಇಟ್ಟುಕೊಂಡು ಬರುವ ದಿನಚರಿಯಂಥ ಪುಟವೇ ಬ್ಲಾಗು. ಹಡಗಿನ ಕಪ್ತಾನನು ದಿನದಿನದ ಗಾಳಿ, ದಿಕ್ಕು, ದೂರಗಳನ್ನು ಬರೆದಿಡುವ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ಲಾಗ್ ಎನ್ನುವರು. 1997ರಲ್ಲಿ ಅಮೆರಿಕದ ಜಾರ್ನ್ ಬಾರ್ಗರ್ ಎಂಬಾತ ಅದಕ್ಕೆ ವೆಬ್ ಎಂಬ ಶಬ್ದವನ್ನು ಸೇರಿಸಿ ‘ವೆಬ್‌ಲಾಗ್’ ಎಂದ. 1999ರಲ್ಲಿ ಪೀಟರ್ ಮರ್ಹೋಲ್ಜ್ ಎಂಬ ಮತ್ತೊಬ್ಬ ವಿನೋದಕ್ಕಾಗಿ ಆ ಪದವನ್ನು ನಡುವೆ ಮುರಿದು ‘ವೀ ಬ್ಲಾಗ್’ ಎಂದ. ತಲೆ ಉದುರಿತು, ಬಾಲ ಉಳಿಯಿತು! ಅದೇ ವರ್ಷ ‘ಬ್ಲಾಗರ್’ ಎಂಬ ಸೇವೆಯೂ, 2003ರಲ್ಲಿ ‘ವರ್ಡ್‌ಪ್ರೆಸ್’ ಎಂಬುದೂ ಬಂದ ಮೇಲೆ ಯಂತ್ರವಿದ್ಯೆ ತಿಳಿಯದವರಿಗೂ ಬಾಗಿಲು ತೆರೆಯಿತು. ಅಚ್ಚುಕೂಟ, ಕಾಗದ, ‘ವಿಷಾದಪೂರ್ವಕವಾಗಿ ಹಿಂದಿರುಗಿಸಲಾಗಿದೆ’ ಎಂಬ ಸಂಪಾದಕರ ಚೀಟಿ, ಈ ಮೂರರ ಹಂಗೂ ಇಲ್ಲದ ಪ್ರಕಟಣೆಯಿದು.

ಮಾರ್ಥಾಳ ತಟ್ಟೆಯನ್ನು ನೋಡಲು ಲೋಕವೇ ನೆರೆಯಿತು. ಪರದೇಶದ ಮಕ್ಕಳು ತಂತಮ್ಮ ಶಾಲೆಯ ಊಟದ ಚಿತ್ರಗಳನ್ನು ಅವಳಿಗೆ ಕಳುಹಿಸತೊಡಗಿದರು. ಅಷ್ಟರಲ್ಲಿ ಪತ್ರಿಕೆಯೊಂದು, ಅಡುಗೆಯವರನ್ನು ಕೆಲಸದಿಂದ ತೆಗೆಯಬೇಕೆಂಬ ಧ್ವನಿಯ ತಲೆಬರಹ ಹಾಕಿತು. ಬಾಲಕಿ ಅಂಥ ಮಾತನ್ನು ಆಡಿರಲೇ ಇಲ್ಲ. ಆದರೂ ಅಡುಗೆಯ ಹೆಂಗಸರು ಹೆದರಿದರು. ಅವರ ಭಯ ಅಕಾರಣವೆನ್ನುವಂತಿರಲಿಲ್ಲ. ಜೂನ್ 14ರಂದು ಅವಳನ್ನು ಗಣಿತದ ತರಗತಿಯಿಂದ ಕರೆಸಿ, ಇನ್ನು ಮುಂದೆ ಚಿತ್ರ ತೆಗೆಯಕೂಡದೆಂಬ ಸ್ಥಳೀಯ ಕೌನ್ಸಿಲಿನ ಆಜ್ಞೆಯನ್ನು ತಿಳಿಸಲಾಯಿತು. ಅವಳು ಬ್ಲಾಗಿನಲ್ಲಿ ವಿದಾಯದ ನಾಲ್ಕು ಸಾಲು ಬರೆದಳು. ಮರುದಿನದೊಳಗೆ ಎದ್ದ ಕೂಗಿಗೆ ಮಣಿದು ಕೌನ್ಸಿಲು ತನ್ನ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಮಲಾವಿ ದೇಶದ ಶಾಲೆಯೊಂದಕ್ಕೆ ಅಡುಗೆಮನೆ ಕಟ್ಟಿಸಲು 7,000 ಪೌಂಡು ಕೂಡಿಸಬೇಕೆಂದು ಅವಳು ಹೊರಟಿದ್ದಳು. ಕೆಲವೇ ದಿನಗಳಲ್ಲಿ ಆ ನಿಧಿ ಒಂದು ಲಕ್ಷ ಪೌಂಡನ್ನು ಮೀರಿತು.

ಇದರಲ್ಲಿ ಹೊಸದಾಗಿ ಬರೆಯಹೊರಟವರಿಗೆ ಬೇಕಾದುದೆಲ್ಲವೂ ಇದೆ. ಮಾರ್ಥಾಳಿಗೆ ಶೈಲಿಯಿರಲಿಲ್ಲ; ತನಗೆ ಮಾತ್ರ ಕಾಣುತ್ತಿದ್ದ ಒಂದು ತಟ್ಟೆಯಿತ್ತು. ‘ಪ್ರಪಂಚದ ಸಮಸ್ತ ವಿಷಯಗಳು’ ಎಂದು ಆರಂಭವಾಗುವ ಬ್ಲಾಗುಗಳು ಸಾಮಾನ್ಯವಾಗಿ ಮೂರನೆಯ ವಾರ ಕಾಣುವುದಿಲ್ಲ. ಮನೆಯ ಅಜ್ಜಿ ಹಾಕುವ ಉಪ್ಪಿನಕಾಯಿಗಳ ಕ್ರಮ, ಬೀದಿಯ ಹೊಂಗೆಮರಕ್ಕೆ ಬರುವ ಹಕ್ಕಿಗಳು, ನಿವೃತ್ತ ರೈಲ್ವೆ ನೌಕರರ ನೆನಪುಗಳು—ಇಂಥ ಒಂದನ್ನು ಹಿಡಿದವರು ವರ್ಷಗಟ್ಟಲೆ ಬರೆಯಬಲ್ಲರು.

ಕನ್ನಡದಲ್ಲಿ ಬರೆಯುವವರಿಗೆ ಹಿಂದೆ ಒಂದು ತೊಡಕಿತ್ತು. ಒಂದೊಂದು ತಂತ್ರಾಂಶಕ್ಕೂ ಅದರದೇ ಲಿಪಿಸಂಕೇತ; ಒಬ್ಬರು ಬರೆದುದು ಮತ್ತೊಬ್ಬರ ಗಣಕದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿತ್ತು. ಎಲ್ಲ ಲಿಪಿಗಳಿಗೂ ಒಂದೇ ಸಂಕೇತವ್ಯವಸ್ಥೆಯಾದ ಯೂನಿಕೋಡ್ ಬಳಕೆಗೆ ಬಂದ ಮೇಲೆ ಆ ಕಷ್ಟ ತೀರಿತು. 2005ರಲ್ಲಿ ಹರಿಪ್ರಸಾದ್ ನಾಡಿಗರು ಆರಂಭಿಸಿದ ‘ಸಂಪದ’ ತಾಣದಲ್ಲಿ ಅನೇಕರು ಅಂತರಜಾಲದ ಕನ್ನಡ ಬರವಣಿಗೆಗೆ ಕೈಯಿಟ್ಟರು. ಇಂದು ಮೊಬೈಲಿನ ಕೀಲಿಮಣೆಯಲ್ಲಿಯೇ ಕನ್ನಡವಿದೆ. ಬೆರಳು ಓಡದವರು ಬಾಯಿಂದ ಹೇಳಿಯೂ ಬರೆಸಬಹುದು.

ತೆರೆಯುವ ಕೆಲಸ ಅರ್ಧ ಗಂಟೆಯದು. ಗೂಗಲ್ ಖಾತೆಯಿದ್ದರೆ ಬ್ಲಾಗರಿನಲ್ಲಿ ಹೆಸರು ಕೊಟ್ಟು, ವಿಳಾಸ ಆರಿಸಿಕೊಂಡರೆ ಪುಟ ಸಿದ್ಧ, ಶುಲ್ಕವಿಲ್ಲ. ಮೊದಲ ನಾಲ್ಕೈದು ಬರಹಗಳನ್ನು ಪ್ರಕಟಿಸದೆ ಕರಡಾಗಿಯೇ ಉಳಿಸಿ, ಮನೆಯವರಿಗೆ ಓದಿ ಹೇಳುವುದು ಒಳ್ಳೆಯದು. ತಪ್ಪನ್ನು ತಿದ್ದಲು ಇಲ್ಲಿ ಬೇರೆ ಸಂಪಾದಕರಿಲ್ಲ. ನೆರೆಮನೆಯವರ ಜಗಳ, ಅಪ್ಪಣೆಯಿಲ್ಲದೆ ತೆಗೆದ ಚಿತ್ರ, ಮಕ್ಕಳ ಶಾಲೆಯ ವಿಳಾಸ ಇವು ಪುಟಕ್ಕೆ ಬರಕೂಡದು. ಮಾನಹಾನಿಯ ಕಾನೂನು ಪತ್ರಿಕೆಗೆ ಅನ್ವಯಿಸುವಂತೆಯೇ ಬ್ಲಾಗಿಗೂ ಅನ್ವಯಿಸುತ್ತದೆ.

ಪುಕ್ಕಟೆ ಸಿಕ್ಕ ಮನೆ ಬಾಡಿಗೆಯ ಮನೆಗಿಂತಲೂ ಅಸ್ಥಿರ ಎಂಬುದನ್ನೂ ಮರೆಯಬಾರದು. ಲಕ್ಷಾಂತರ ಜನರು ತಮ್ಮ ಪುಟಗಳನ್ನಿಟ್ಟಿದ್ದ ‘ಜಿಯೋಸಿಟೀಸ್’ ಸೇವೆಯನ್ನು ಅದರ ಒಡೆಯರಾದ ಯಾಹೂ ಸಂಸ್ಥೆಯವರು 2009ರ ಅಕ್ಟೋಬರಿನಲ್ಲಿ ಮುಚ್ಚಿದರು. ಕೆಲವು ಉತ್ಸಾಹಿಗಳು ನಕಲು ಮಾಡಿಟ್ಟುಕೊಂಡಷ್ಟು ಉಳಿಯಿತು, ಮಿಕ್ಕದ್ದು ಅಳಿಯಿತು. ಬ್ಲಾಗರಿನಲ್ಲಿಯೂ ವರ್ಡ್‌ಪ್ರೆಸ್ಸಿನಲ್ಲಿಯೂ ಈವರೆಗಿನ ಬರಹಗಳನ್ನೆಲ್ಲ ಕಡತವಾಗಿ ಇಳಿಸಿಕೊಳ್ಳುವ ಸೌಕರ್ಯವಿದೆ. ತಿಂಗಳಿಗೊಮ್ಮೆ, ಹಾಲಿನವನ ಲೆಕ್ಕ ತೀರಿಸುವ ದಿನವೇ, ಈ ಕೆಲಸವನ್ನೂ ಮುಗಿಸಿಬಿಟ್ಟರೆ ಮರೆಯುವ ಸಂಭವ ಕಡಿಮೆ.