ಹೊಳೆಯೇ ಪಾಠಶಾಲೆ

ಶಾಲೆಯೇ ಗಂಟುಮೂಟೆ ಕಟ್ಟಿಕೊಂಡು ಹೊಳೆಯಿಂದ ಹೊಳೆಗೆ ಹೊರಟರೆ? ಅಮೆರಿಕದ ಮೊಂಟಾನಾದಲ್ಲಿ ಹುಟ್ಟಿದ ‘ವರ್ಲ್ಡ್ ಕ್ಲಾಸ್ ಕಯಾಕ್ ಅಕಾಡೆಮಿ’ ಅಂಥದೊಂದು ಹೈಸ್ಕೂಲು. ತಮ್ಮಲ್ಲಿ ನೀರು ಹೆಪ್ಪುಗಟ್ಟುವ ಕಾಲಕ್ಕೆ ಹುಡುಗರು, ಮೇಷ್ಟ್ರುಗಳು ಪುಸ್ತಕ, ದೋಣಿಗಳೊಡನೆ ಚಿಲಿಯ ಫುಟಲೆಯುಫು ನದಿಯತ್ತ ಹೊರಡುತ್ತಿದ್ದರು. ಅಲ್ಲಿ ಆಗ ಬೇಸಿಗೆ. ದಿನದ ಒಂದಿಷ್ಟು ಹೊತ್ತು ಗಣಿತ, ಇತಿಹಾಸ, ಉಳಿದಂತೆ ಹೊಳೆ.

ಕಯಾಕ್ ಎಂದರೆ ಒಬ್ಬರೇ ಕೂರುವ, ಮೇಲ್ಭಾಗ ಮುಚ್ಚಿದ ಕಿರುದೋಣಿ. ಮಗುಚಿತೆಂದರೆ ತಲೆ ನೀರೊಳಗೆ. ಗಾಬರಿಯಾಗದೆ, ಹುಟ್ಟನ್ನು ನೀರಿಗೊತ್ತಿ, ಸೊಂಟ ತಿರುಗಿಸಿ ಮೊದಲು ದೋಣಿಯನ್ನು ನೆಟ್ಟಗಾಗಿಸಬೇಕು. ತಲೆ ಕಟ್ಟಕಡೆಗೆ ಮೇಲೆ ಬರಬೇಕು. ಉಸಿರಿಗಾಗಿ ತಲೆಯನ್ನೇ ಮೊದಲೆತ್ತಿದರೆ ಅದರ ಭಾರಕ್ಕೆ ದೋಣಿ ಮತ್ತೆ ಮಗುಚುತ್ತದೆ!

ಬಂಡೆಗೆ ಅಪ್ಪಳಿಸಿದ ಪ್ರವಾಹ ಇಬ್ಭಾಗವಾಗಿ ಮುಂದೋಡುತ್ತದೆ. ಬಂಡೆಯ ಬೆನ್ನಿಗೆ ಉಳಿದ ತೆರವನ್ನು ತುಂಬಲು ನೀರು ಹಿಂದಕ್ಕೆ, ಅಂದರೆ ಹೊಳೆಗೆ ಎದುರಾಗಿ ಹರಿಯುತ್ತದೆ. ಇದೇ ‘ಎಡ್ಡಿ’. ವರ್ಷಗಟ್ಟಲೆ ಈ ಚಿತ್ರವನ್ನು ಹಲಗೆಯ ಮೇಲೆ ಬರೆದಿದ್ದೇನೆ. ನನಗೆ ಈಜು ಬಾರದು. ಆ ಹುಡುಗರು ಅದರೊಳಗೆ ಕುಳಿತು ದಣಿವಾರಿಸಿಕೊಂಡು, ಮುಂದಿನ ದಾರಿ ನೋಡುತ್ತಾರೆ.

‘ಮಗು ಓದಿನಲ್ಲಿ ಹಿಂದೆ ಬೀಳದೇ?’ ಎಂದು ಪೋಷಕರು ಕೇಳಬಹುದು. ಇಂಥ ಶಾಲೆಗೆ ಅದಕ್ಕಿಂತ ಬೇರೆಯೇ ಚಿಂತೆ: ತರಗತಿಯೇ ಮುಳುಗುವುದು. ಕಯಾಕ್ ಪಟುಗಳಿಗೆ ಪ್ರಿಯವಾಗಿದ್ದ ಉಗಾಂಡದ ಬಿಳಿ ನೈಲಿನಲ್ಲಿ 2012ರಲ್ಲಿ ಕಾರ್ಯಾರಂಭಿಸಿದ ಬುಜಗಾಲಿ ಅಣೆಕಟ್ಟು 250 ಮೆಗಾವಾಟ್ ಸಾಮರ್ಥ್ಯದ್ದು. ಆ ವಿದ್ಯುತ್ತು ಅಲ್ಲಿನವರಿಗೆ ಬೇಕೇ ಬೇಕಿತ್ತು. ಆದರೆ ಬುಜಗಾಲಿ ಜಲಪಾತ ಹಿನ್ನೀರಿನ ಪಾಲಾಯಿತು. ದೋಣಿಗಳು ಕೆಳಗಿನ ರಭಸಗಳತ್ತ ಸರಿದವು. 2019ರಲ್ಲಿ ಇಸಿಂಬಾ ಅಣೆಕಟ್ಟು ಬಂದು, ಅವುಗಳಲ್ಲೂ ಕೆಲವು ಮುಳುಗಿದವು.